ಒಂದು ನೆಲ, ಎರಡು ಚರಿತ್ರೆ: ಬಿ.ಎಲ್. ರೈಸ್ ಮತ್ತು ಪೂರ್ವ ಬೆಂಗಳೂರಿನ ಶಾಸನಗಳು

1

ವಿಕ್ಟೋರಿಯಾ ಯುಗದ ಅನ್ವೇಷಕ ಹಾಗೂ ಅನುವಾದಕ ಎಂದೊಡನೆ ವಿದ್ವಾಂಸರ ನೆನಪಿಗೆ ಬರುವ ಹೆಸರು ರಿಚರ್ಡ್ ಬರ್ಟನ್‌ನದು. ವೇಷ ಮರೆಸಿಕೊಂಡು 1853ರಲ್ಲಿ ಮಕ್ಕಾ ನಗರವನ್ನು ಪ್ರವೇಶಿಸಿದ, 1885ರಿಂದ ಅರಬ್ಬೀ ಕಥೆಗಳ ಬೃಹತ್ ಅನುವಾದವನ್ನು ಪ್ರಕಟಿಸಿದ ಈ ಸಾಹಸಿಗೆ ಪರದೇಶವೆಂಬುದು ಒಂದು ರಂಗಸ್ಥಳವಾಗಿತ್ತು. ಅದೇ ಕಾಲಮಾನದಲ್ಲಿ ಮೈಸೂರು ಸೀಮೆಯ ಕೆರೆಯ ಏರಿಗಳ ಮೇಲೆ, ದೇಗುಲಗಳ ಗೋಡೆಗಳಲ್ಲಿ, ಹೊಲದ ಬದುಗಳಲ್ಲಿ ನಿಂತಿದ್ದ ಕಲ್ಲುಗಳನ್ನು ಅರಸುತ್ತ ನಾಲ್ಕು ದಶಕಗಳನ್ನು ಕಳೆದವರು ಬೆಂಜಮಿನ್ ಲೂಯಿಸ್ ರೈಸ್. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ 1837ರಲ್ಲಿಯೇ ಬೆಂಗಳೂರಿನಲ್ಲಿ ಜನಿಸಿದ ರೈಸ್ ಅವರಿಗೆ ತಾವು ಶೋಧಿಸಿದ ನಾಡು ಹುಟ್ಟಿದ ನಾಡೂ ಆಗಿತ್ತು. ಆದ್ದರಿಂದ ಅವರ ಶೋಧ ಮತ್ತು ಅನುವಾದಗಳನ್ನು ಬರ್ಟನ್ ಮಾದರಿಯ ಸಾಹಸಗಾಥೆಯಾಗಿ ನೋಡುವುದು ಯುಕ್ತವಲ್ಲ.

ಕನ್ನಡ ವಿದ್ವತ್ ಪರಂಪರೆ ರೈಸ್ ಅವರನ್ನು ‘ಶಾಸನ ಪಿತಾಮಹ’ ಎಂದು ಗೌರವಿಸಿದೆ. ಈ ಗೌರವ ಸರ್ವಥಾ ಉಚಿತವಾದುದೇ. ಆದರೆ ಗೌರವಸೂಚಕ ಬಿರುದುಗಳು ಅನೇಕ ವೇಳೆ ವಿಮರ್ಶೆಯ ಬಾಗಿಲನ್ನು ಮುಚ್ಚಿಬಿಡುತ್ತವೆ. ರೈಸ್ ಬರೆದ ಗ್ಯಾಸೆಟಿಯರ್ ಮತ್ತು ಸಂಪಾದಿಸಿದ ಶಾಸನ ಸಂಪುಟ ಒಂದೇ ನೆಲಕ್ಕೆ ಎರಡು ಬೇರೆ ಬೇರೆ ಚರಿತ್ರೆಗಳನ್ನು ಕೊಡುತ್ತವೆ ಎಂಬ ಸಂಗತಿ ಈವರೆಗೆ ಅಗತ್ಯವಾದಷ್ಟು ಗಮನ ಪಡೆದಿಲ್ಲ. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕಿರುವ ಹಲಸೂರು, ದೊಮ್ಮಲೂರು, ವಿಭೂತಿಪುರ, ಕಾಡುಗೋಡಿಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ರೈಸ್ ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್‌ನ ಪಾದ್ರಿಗಳು. ಬೆಂಗಳೂರಿನಲ್ಲಿ ಅರ್ಧ ಶತಮಾನ ಕೆಲಸ ಮಾಡಿದ ಅವರ ನೆನಪಿಗೆ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇಂದಿಗೂ ಇದೆ. ಸೋದರ ಇ.ಪಿ. ರೈಸ್ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದವರು. ಇಂಗ್ಲೆಂಡಿನಲ್ಲಿ ಶಿಕ್ಷಣ ಮುಗಿಸಿದ ಬಿ.ಎಲ್. ರೈಸ್ 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ, ಅಂದರೆ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಸಂಸ್ಥೆಯ, ಮುಖ್ಯಸ್ಥರಾಗಿ ಬಂದರು. ಅನಂತರ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ, ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ಸೀಮೆಯನ್ನೆಲ್ಲ ಸುತ್ತಿದರು. ಶಾಲೆಗಳ ತಪಾಸಣೆಗೆಂದು ಕುದುರೆಯ ಮೇಲೆ ಊರೂರು ತಿರುಗುವಾಗಲೇ ಕಲ್ಬರಹಗಳ ಪರಿಚಯವಾಯಿತು. ಮೇಜರ್ ಡಿಕ್ಸನ್ 1865ರ ಸುಮಾರಿಗೆ ತೆಗೆಸಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ಅವರಿಗೆ ಬಂದಿತು. ಅದರ ಫಲವಾಗಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪ್ರಕಟವಾಯಿತು. ಅವರ ಶಾಸನಕಾರ್ಯ ಅನುವಾದದಿಂದಲೇ ಆರಂಭವಾಯಿತೆಂಬುದು ಗಮನಾರ್ಹ.

ಹೊಸದಾಗಿ ಏರ್ಪಟ್ಟ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದ ಮೇಲೆ 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಗೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’ 1905ರ ವೇಳೆಗೆ ಹನ್ನೆರಡು ಸಂಪುಟಗಳಾಗಿ ಬೆಳೆಯಿತು. ಇವುಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಚ್ಚಾದವು. 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದು ಕರ್ನಾಟಕದ ಲಿಖಿತ ಚರಿತ್ರೆಯನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಒಯ್ದವರೂ ರೈಸ್ ಅವರೇ. ‘ಕರ್ಣಾಟಕ ಭಾಷಾಭೂಷಣ’ (1884), ‘ಕರ್ಣಾಟಕ ಶಬ್ದಾನುಶಾಸನ’ (1890), ‘ಪಂಪಭಾರತ’ (1898) ಮೊದಲಾದ ಗ್ರಂಥಗಳ ಸಂಪಾದನೆಯೂ ಇದೇ ಅವಧಿಯದು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದ ಅವರು ಇಡೀ ಶ್ರಮದ ಸಾರವನ್ನು ‘ಮೈಸೂರ್ ಆ್ಯಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್’ (1909) ಎಂಬ ಗ್ರಂಥದಲ್ಲಿ ಸಂಗ್ರಹಿಸಿದರು. 1927ರಲ್ಲಿ ನಿಧನರಾದರು.

3

ರೈಸ್ ಅವರ ಇನ್ನೊಂದು ಮಹತ್ಕಾರ್ಯ ಮೈಸೂರು ಗ್ಯಾಸೆಟಿಯರ್. 1870ರ ದಶಕದ ಕೊನೆಯಲ್ಲಿ ಮೊದಲು ಪ್ರಕಟವಾಗಿ 1897ರಲ್ಲಿ ಪರಿಷ್ಕೃತಗೊಂಡ ಈ ಗ್ರಂಥವು ಆಡಳಿತದ ಅಗತ್ಯಕ್ಕಾಗಿ ಸಿದ್ಧವಾದುದು. ಇದರಲ್ಲಿ ಬೆಂಗಳೂರಿನ ಹೆಸರಿಗೆ ಕಾಳಿನೊಂದಿಗೆ ತಳಕು ಹಾಕುವ ಐತಿಹ್ಯವೇ ಆಧಾರ. ನಗರದ ಕಥೆ ಕೆಂಪೇಗೌಡರ ಕೋಟೆ-ಪೇಟೆಯಿಂದ ಆರಂಭವಾಗುತ್ತದೆ. ಪೂರ್ವದ ಕಡೆಯ ದಂಡಿನ ಕಥೆಯಾದರೋ ಶ್ರೀರಂಗಪಟ್ಟಣದಿಂದ ಸೈನ್ಯ ಇಲ್ಲಿಗೆ ಬಂದ 1809ರಿಂದ ಮೊದಲಾಗುತ್ತದೆ. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗಲೂ ಈ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಪೇಟೆ ಮತ್ತು ದಂಡು ಒಂದೇ ನಗರಸಭೆಯ ಆಡಳಿತಕ್ಕೆ ಬಂದದ್ದು 1949ರಲ್ಲಿ. ಹೀಗೆ ಆಡಳಿತದ ಗೆರೆಯೊಂದು ಕ್ರಮೇಣ ಚರಿತ್ರೆಯ ಗೆರೆಯಾಗಿ ರೂಢವಾಯಿತು. ಪಶ್ಚಿಮದ ಪೇಟೆ ಕನ್ನಡಿಗರ ಪ್ರಾಚೀನ ಊರು, ಪೂರ್ವದ ದಂಡು ಬ್ರಿಟಿಷರು ಮತ್ತು ಅವರ ಬೆನ್ನಿಗೆ ಬಂದ ತಮಿಳರು ಕಟ್ಟಿದ ಹೊಸ ಊರು ಎಂಬ ಗ್ರಹಿಕೆ ಪಂಡಿತ ಪಾಮರರಿಬ್ಬರಲ್ಲಿಯೂ ನೆಲೆಯೂರಿತು.

ಇದೇ ಲೇಖಕರು 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ, ಅಂದರೆ ಮಾಲೆಯ ಒಂಬತ್ತನೆಯ ಸಂಪುಟ, ಈ ಗ್ರಹಿಕೆಯನ್ನು ಬುಡಮೇಲು ಮಾಡುತ್ತದೆ. ಇಂದಿರಾನಗರಕ್ಕೆ ಹೊಂದಿಕೊಂಡಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳನ್ನು ಗಮನಿಸಬಹುದು. ಇವುಗಳಲ್ಲಿ ಊರಿನ ಹೆಸರು ತೊಂಬಲೂರು. ಅದಕ್ಕೆ ದೇಶಿಮಾಣಿಕ್ಕಪಟ್ಟಣವೆಂಬ ಇನ್ನೊಂದು ಹೆಸರೂ ಉಂಟು. ‘ದೇಶಿ’ ಎಂಬುದು ವರ್ತಕ ಸಂಘಗಳೊಡನೆ, ‘ಪಟ್ಟಣ’ ಎಂಬುದು ವಾಣಿಜ್ಯದೊಡನೆ ಸಂಬಂಧವುಳ್ಳ ಪದಗಳಾದ್ದರಿಂದ ದಂಡಿನ ಬಜಾರುಗಳಿಗಿಂತ ಐದಾರು ಶತಮಾನಗಳ ಮೊದಲೇ ಇಲ್ಲೊಂದು ವ್ಯಾಪಾರದ ನೆಲೆ ಇದ್ದಿರಬೇಕೆಂದು ಊಹಿಸಲು ಅವಕಾಶವಿದೆ. ಈ ಊರು ಇದ್ದ ನಾಡನ್ನು ಶಾಸನಗಳು ‘ಇಲೈಪ್ಪಾಕ್ಕ ನಾಡು’ ಎಂದು ಕರೆಯುತ್ತವೆ. ಇದು ನಮ್ಮ ಯಲಹಂಕ ನಾಡಿನ ತಮಿಳು ರೂಪವಲ್ಲದೆ ಬೇರೆಯಲ್ಲ. ಸ್ಥಳನಾಮ ಕನ್ನಡದ್ದು, ಅದು ತೊಟ್ಟ ಉಡುಗೆ ತಮಿಳಿನದು.

ಕಾಡುಗೋಡಿ ಪರಿಸರದ ಪಟ್ಟಂದೂರಿನ ಶಾಸನ ಇನ್ನೂ ಹಿಂದಿನದು. ಚೋಳರ ಆಳ್ವಿಕೆಯ ಕ್ರಿ.ಶ. 1043ಕ್ಕೆ ಸೇರುವ ಈ ಶಾಸನದಲ್ಲಿ ಕೆರೆಯನ್ನು ಕಟ್ಟಿಸಿ ದೇವತಾ ಮೂರ್ತಿಗಳನ್ನು ಸ್ಥಾಪಿಸಿದವನು ರಾಜರಾಜ ವೇಳಾನ್. ಅವನ ತಂದೆ ಪೆರ್ಮಾಡಿ ಗಾವುಂಡ. ತಂದೆಯದು ಗಂಗರ ಕಾಲದ ಕನ್ನಡ ಹೆಸರು ಮತ್ತು ಪದವಿ. ಮಗನದು ಚೋಳ ದೊರೆಯ ಹೆಸರು ಹೊತ್ತ ತಮಿಳು ಬಿರುದು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ವಶವಾದಾಗ ಸ್ಥಳೀಯ ಗೌಡ ಮನೆತನಗಳು ಹೊಸ ಪ್ರಭುತ್ವದೊಡನೆ ಹೇಗೆ ಹೊಂದಿಕೊಂಡವು ಎಂಬುದನ್ನು ಎರಡು ತಲೆಮಾರಿನ ಈ ಎರಡು ಹೆಸರುಗಳೇ ಹೇಳುತ್ತವೆ. ಆಳುವವರು ಬದಲಾದರು, ಆಡಳಿತದ ಭಾಷೆ ಬದಲಾಯಿತು; ಕೆರೆ ಕಟ್ಟುವ ಮನೆತನ ಅಲ್ಲಿಯೇ ಇತ್ತು.

ವಿಭೂತಿಪುರದ 1307ರ ಶಾಸನ ಮೂರನೆಯ ಬಲ್ಲಾಳನ ಕಾಲದ್ದು. ಚೋಳರು ಹಿಂದೆ ಸರಿದು ಎರಡು ಶತಮಾನಗಳೇ ಕಳೆದಿದ್ದರೂ, ಕನ್ನಡದ ಹೊಯ್ಸಳ ಅರಸನ ಆಳ್ವಿಕೆಯಲ್ಲಿಯೂ ಇಲ್ಲಿನ ಶಾಸನಭಾಷೆ ತಮಿಳಾಗಿಯೇ ಉಳಿದಿತ್ತು. ಕಾಡು ಕಡಿದು, ನೆಲ ಸಮಮಾಡಿ, ಊರು ಕಟ್ಟಿ, ಮರಳು ತೆಗೆದು ಕೆರೆ ನಿರ್ಮಿಸಿ ಆ ಊರಿಗೆ ವಾಚಿದೇವನ ಹೆಸರನ್ನಿಟ್ಟ ವೃತ್ತಾಂತ ಅದರಲ್ಲಿದೆ. ಒಂದು ಊರು ಹುಟ್ಟುವ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಶಾಸನಗಳು ವಿರಳ.

4

ಈ ಮೂರು ನಿದರ್ಶನಗಳಿಂದ ಎರಡು ನಿರ್ಣಯಗಳು ಸಿದ್ಧಿಸುತ್ತವೆ. ಪೂರ್ವ ಬೆಂಗಳೂರಿನ ಜನವಸತಿ 1809ರ ಸೃಷ್ಟಿಯಲ್ಲ. ಅಲ್ಲಿ ತಮಿಳಿನ ಇರವೂ ಸೈನ್ಯದ ಹಿಂದೆ ಬಂದುದು ಮಾತ್ರವಲ್ಲ. ಈ ಎರಡನೆಯ ನಿರ್ಣಯವನ್ನು ಇಂದಿನ ಭಾಷಾವಾದದ ಅಸ್ತ್ರವಾಗಿ ಯಾವ ಪಕ್ಷವೂ ಬಳಸುವಂತಿಲ್ಲ. ತಮಿಳು ಶಾಸನಗಳಿರುವುದರಿಂದ ಈ ನೆಲ ತಮಿಳರದ್ದೆಂದು ವಾದಿಸುವವರಿಗೆ ಇಲೈಪ್ಪಾಕ್ಕ ನಾಡೆಂಬ ಹೆಸರೂ ಪೆರ್ಮಾಡಿ ಗಾವುಂಡನೂ ಉತ್ತರವಾಗಿದ್ದಾರೆ. ಇಲ್ಲಿ ತಮಿಳು ಕೇವಲ ವಲಸೆಯ ಭಾಷೆಯೆನ್ನುವವರಿಗೆ ಹೊಯ್ಸಳ ಬಲ್ಲಾಳನ ಕಾಲದ ಕಲ್ಲೇ ಉತ್ತರ.

ವಿಷಾದದ ಸಂಗತಿಯೆಂದರೆ, ಈ ಸಾಮಗ್ರಿಯನ್ನು ಕೂಡಿಹಾಕಿದ ರೈಸ್ ಅವರೇ ಅದರ ಈ ಅರ್ಥವನ್ನು ಬಿಡಿಸಿ ಹೇಳಲಿಲ್ಲ. ಅವರ ಚರಿತ್ರೆಯ ಕಲ್ಪನೆ ರಾಜವಂಶಗಳ ಅನುಕ್ರಮಕ್ಕೆ ಬದ್ಧವಾದುದು. ಗಂಗರ ತಾಮ್ರಪಟಗಳ ನೈಜತೆಯ ಬಗೆಗೆ ಜೆ.ಎಫ್. ಫ್ಲೀಟ್ ಅವರೊಡನೆ ನಡೆದ ದೀರ್ಘ ವಾದದಲ್ಲಿಯೂ ಮುಖ್ಯ ಪ್ರಶ್ನೆ ಅರಸರ ವಂಶಾವಳಿಯದೇ. ಅರಸು ಮನೆತನದ ಉದಯಾಸ್ತಗಳಲ್ಲಿ ಸ್ಥಾನವಿಲ್ಲದ ವಾಚಿದೇವನಂಥವರು ಸಂಪುಟದ ಪುಟಗಳಲ್ಲಿ ಉಳಿದರೇ ಹೊರತು ಚರಿತ್ರೆಯ ಕಥನದೊಳಕ್ಕೆ ಬರಲಿಲ್ಲ.

ಅನುವಾದದ ರೀತಿಯಲ್ಲಿಯೂ ಇದೇ ಧೋರಣೆ ಕಾಣುತ್ತದೆ. ಸಾವಿರಾರು ಶಾಸನಗಳನ್ನು ಇಂಗ್ಲಿಷಿಗೆ ತರುವಾಗ ರೈಸ್ ಪ್ರಶಸ್ತಿಭಾಗದಲ್ಲಿ ‘ಎಂದಿನ ಬಿರುದುಗಳು’ ಎಂದೂ, ಕೊನೆಯಲ್ಲಿ ‘ಎಂದಿನ ಅಂತ್ಯಪದ್ಯಗಳು’ ಎಂದೂ ಸೂಚಿಸಿ ಮುಂದೆ ಸಾಗುವುದುಂಟು. ಕಾರ್ಯದ ಗಾತ್ರವನ್ನು ನೆನೆದರೆ ಇದು ಕ್ಷಮ್ಯ. ಆದರೆ ದಾನವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲುವುದೆಂದು ಶಪಿಸುವ ಶಾಪಾಶಯವೇ ದಾನಶಾಸನದ ಕಾವಲುಗಾರ. ಅದನ್ನು ‘ಎಂದಿನದು’ ಎಂದು ಬಿಟ್ಟಾಗ ದಾನದ ವಿವರ ಉಳಿಯುತ್ತದೆ, ದಾನ ಕೊಟ್ಟವರ ಭಯ ಮತ್ತು ನಂಬಿಕೆಗಳು ಕಳೆದುಹೋಗುತ್ತವೆ. ಹಾಗೆಯೇ ಗದ್ದೆ-ಬೆದ್ದಲುಗಳು ಇಂಗ್ಲಿಷಿನಲ್ಲಿ ‘ನೀರಿನ ಭೂಮಿ’, ‘ಒಣ ಭೂಮಿ’ಗಳೆಂಬ ಕಂದಾಯ ಇಲಾಖೆಯ ವರ್ಗಗಳಾಗುತ್ತವೆ. ‘ಏರಿ’ ಎಂಬ ಪದವಂತೂ ಇನ್ನೂ ಕುತೂಹಲಕರ. ತಮಿಳಿನಲ್ಲಿ ಅದಕ್ಕೆ ಕೆರೆಯೆಂದೇ ಅರ್ಥ. ಕನ್ನಡದಲ್ಲಿ ಕೆರೆಯ ಕಟ್ಟೆ. ಎರಡು ಭಾಷೆಗಳು ಕೂಡಿ ಬಾಳಿದ ಈ ಸೀಮೆಯಲ್ಲಿ ಒಂದೇ ಪದ ಒಮ್ಮೆ ನೀರನ್ನೂ ಒಮ್ಮೆ ನೀರನ್ನು ತಡೆದ ಮಣ್ಣನ್ನೂ ಸೂಚಿಸುತ್ತಿತ್ತು. ಇಂಗ್ಲಿಷ್ ಅನುವಾದವನ್ನಷ್ಟೇ ಓದುವವರಿಗೆ ‘ಟ್ಯಾಂಕ್’ ಎಂಬ ಪದದಾಚೆಗೆ ಈ ಭಾಷಾ ಸಂಬಂಧ ಗೋಚರಿಸುವ ಸಂಭವವಿಲ್ಲ.

ಇಷ್ಟಾದರೂ ರೈಸ್ ಅವರ ಸಂಪಾದನಾ ವಿಧಾನದ ಒಂದು ಹಿರಿಮೆಯನ್ನು ಒತ್ತಿ ಹೇಳಬೇಕು. ಅವರು ಅನುವಾದವನ್ನು ಎಂದೂ ಮೂಲದ ಜಾಗದಲ್ಲಿ ಕೂರಿಸಲಿಲ್ಲ. ಮೂಲಪಾಠ, ರೋಮನ್ ಲಿಪ್ಯಂತರ, ಅನುವಾದ ಮೂರನ್ನೂ ಒಂದೇ ಸಂಪುಟದಲ್ಲಿ ಇಟ್ಟರು. ಬರ್ಟನ್‌ನ ಓದುಗರಿಗೆ ಅನುವಾದಕನನ್ನು ನಂಬುವುದೊಂದೇ ದಾರಿಯಾಗಿತ್ತು. ರೈಸ್ ಅವರ ಓದುಗರಿಗೆ ಅನುವಾದಕನನ್ನು ತಿದ್ದುವ ಅವಕಾಶವೂ ಇದೆ. ಮೇಲೆ ಹೇಳಿದ ಆಕ್ಷೇಪಗಳು ಸಾಧ್ಯವಾಗಿರುವುದೇ ಅವರು ಒದಗಿಸಿದ ಮೂಲಪಾಠಗಳಿಂದ.

5

ಹೀಗೆ ತಿದ್ದುವ ಕಾರ್ಯ ಅವರ ಬೆನ್ನಿಗೇ ಆರಂಭವಾಯಿತು. ನಗರದ ದಕ್ಷಿಣದ ಬೇಗೂರಿನ ಪ್ರಸಿದ್ಧ ವೀರಗಲ್ಲು ರೈಸ್ ಅವರಿಗೆ ಪರಿಚಿತವಾಗಿದ್ದರೂ, ಅದೇ ಊರಿನಲ್ಲಿ ಬೆಂಗಳೂರಿನ ಕಾಳಗವನ್ನು ಹೆಸರಿಸುವ ಸುಮಾರು ಕ್ರಿ.ಶ. 890ರ ಶಾಸನ ಅವರ ಸಂಪುಟಕ್ಕೆ ಸೇರಲಿಲ್ಲ. ಉತ್ತರಾಧಿಕಾರಿಗಳಾದ ಆರ್. ನರಸಿಂಹಾಚಾರ್ಯರು 1915ರಲ್ಲಿ ಅದನ್ನು ಬೆಳಕಿಗೆ ತಂದಾಗ ಗ್ಯಾಸೆಟಿಯರಿನ ಬೆಂದಕಾಳಿನ ಐತಿಹ್ಯ ತನ್ನ ಬಲವನ್ನು ಕಳೆದುಕೊಂಡಿತು. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದಾಗಿ, ನಗರದ ಕನ್ನಡ ಬರವಣಿಗೆಯ ಚರಿತ್ರೆಯನ್ನು ಎಂಟನೆಯ ಶತಮಾನದ ನಡುವಿಗೆ ಒಯ್ದಿತು. ಮಿಥಿಕ್ ಸೊಸೈಟಿ 2021ರಲ್ಲಿ ಕೈಗೆತ್ತಿಕೊಂಡ ಬೆಂಗಳೂರು ಶಾಸನಗಳ ಮೂರು ಆಯಾಮದ ಡಿಜಿಟಲ್ ದಾಖಲೀಕರಣವು ಸಂಪುಟದ ಪಾಠಗಳನ್ನು ಮೂಲ ಕಲ್ಲಿನೊಡನೆ ಹೋಲಿಸಿ ನೋಡುವ ಹೊಸ ಸಾಧನವನ್ನು ಒದಗಿಸಿದೆ.

ಆದರೆ ಶೋಧದ ವೇಗಕ್ಕಿಂತ ನಗರದ ವಿಸ್ತರಣೆಯ ವೇಗ ಹೆಚ್ಚಿನದು. ರೈಸ್ ಕಂಡಿದ್ದ ಹೊಲ, ತೋಪು, ಕೆರೆಯಂಗಳಗಳು ಪೂರ್ವ ಬೆಂಗಳೂರಿನಲ್ಲಿ ಬಡಾವಣೆಗಳಾಗಿವೆ. ಕಲ್ಲು ಕಾಣೆಯಾದೆಡೆ 1905ರ ಅಚ್ಚಿನ ಪಾಠವೇ ಅದರ ಏಕೈಕ ದೇಹ. ಆಗ ಪಾಠದೋಷವನ್ನು ತಿದ್ದಲು ಯಾವ ಆಧಾರವೂ ಉಳಿಯುವುದಿಲ್ಲ. ಅನುವಾದದ ಸಂಕ್ಷೇಪವನ್ನು ಮೂಲಪಾಠದಿಂದ ತುಂಬಿಕೊಳ್ಳಬಹುದು. ಮೂಲಪಾಠದ ದೋಷವನ್ನು ಕಲ್ಲಿನ ಹೊರತು ಬೇರಾವುದೂ ತಿದ್ದಲಾರದು.

ಈ ಹಿನ್ನೆಲೆಯಲ್ಲಿ ಆಗಬೇಕಾದ ಕಾರ್ಯ ಸ್ಪಷ್ಟವಿದೆ. ಪೂರ್ವ ಬೆಂಗಳೂರಿನ ಕನ್ನಡ ಮತ್ತು ತಮಿಳು ಶಾಸನಗಳನ್ನು ಉಳಿದಿರುವ ಕಲ್ಲುಗಳೊಡನೆ ಹೋಲಿಸಿ, ಶಾಪಾಶಯ ಮತ್ತು ಬಿರುದುಗಳನ್ನು ಬಿಡದೆ, ಹೊಸಗನ್ನಡ ಅನುವಾದದೊಡನೆ ಒಂದೇ ಸಂಪುಟದಲ್ಲಿ ತರಬೇಕು. ಎರಡೂ ಭಾಷೆಗಳನ್ನು ಬಲ್ಲ ವಿದ್ವಾಂಸರು ಕೂಡಿ ಮಾಡಬೇಕಾದ ಕೆಲಸವಿದು. ಗ್ಯಾಸೆಟಿಯರಿನ ರೈಸ್ ಬರೆದ ಬೆಂಗಳೂರನ್ನು ನಾವು ಒಂದು ಶತಮಾನಕ್ಕೂ ಮೀರಿ ಓದಿದ್ದೇವೆ. ಶಾಸನ ಸಂಪುಟದ ರೈಸ್ ಕೂಡಿಟ್ಟ ಬೆಂಗಳೂರನ್ನು, ಅದರ ತೊಂಬಲೂರು, ಪಟ್ಟಂದೂರು, ವಾಚಿದೇವನ ಊರುಗಳ ಸಮೇತ, ಓದುವ ಕೆಲಸ ಇನ್ನು ಆಗಬೇಕಾಗಿದೆ.