ಹುಸಿ ಡೆವ್‌, ಅಸಲಿ ಡಿಸ್ಕು

ಯುನಿಕ್ಸ್‌ ರೂಢಿಯಾದವರಿಗೆ ವಿಂಡೋಸ್‌ನಲ್ಲಿ ಬೇಗ ಕಾಡುವ ಕೊರತೆ /ಡೆವ್‌ ಡೈರೆಕ್ಟರಿಯದು. ಡಿಸ್ಕು, ಟರ್ಮಿನಲ್ಲು, ಸೀರಿಯಲ್‌ ಪೋರ್ಟು ಯಾವುದಿರಲಿ, ಫೈಲಿನಂತೆ ತೆರೆದು ಓದುವ, ಬರೆಯುವ ಸುಖ ಅಲ್ಲಿಯದು. ವಿಂಡೋಸ್‌ಗೆ ಸಿಕ್ಕಿದ್ದು ಡಾಸ್‌ನ ಬಳುವಳಿ. ಮೊದಲ ಡಾಸ್‌ನಲ್ಲಿ ಡೈರೆಕ್ಟರಿಗಳೇ ಇರಲಿಲ್ಲವಾದ್ದರಿಂದ ಕಾನ್‌, ನಲ್‌ ಮುಂತಾದ ಹೆಸರುಗಳು ಎಲ್ಲ ಕಡೆಯೂ ಡಿವೈಸ್‌ಗಳಿಗೇ ಮೀಸಲಾಗಿಬಿಟ್ಟವು. ಎಕ್ಸ್‌ಪ್ಲೋರರ್‌ನಲ್ಲಿ ‘ಕಾನ್‌’ ಎಂಬ ಫೋಲ್ಡರ್‌ ಮಾಡಲು ಹೋಗಿ ನೋಡಿ, ಬಿಡುವುದಿಲ್ಲ.

ಈ ಕೊರತೆ ನೀಗಿಸಿದ್ದು ವಿಂಡೋಸ್‌ಗೆ ಯುನಿಕ್ಸ್‌ ವಾತಾವರಣ ತರುವ ಸಾಫ್ಟ್‌ವೇರ್‌ ಸಿಗ್‌ವಿನ್‌; 1995ರಲ್ಲಿ ಸಿಗ್ನಸ್‌ ಸಲ್ಯೂಷನ್ಸ್‌ನ ಸ್ಟೀವ್‌ ಚೇಂಬರ್ಲೇನ್‌ ಶುರುಮಾಡಿದ್ದು. ಅದರ /ಡೆವ್‌ನಲ್ಲಿ ಕಾಣುವ ಡಿವೈಸ್‌ಗಳು ಡಿಸ್ಕಿನಲ್ಲಿ ಎಲ್ಲೂ ಇಲ್ಲ. ಪ್ರೋಗ್ರಾಮು ಆ ಹೆಸರು ಕೇಳಿದ ಕೂಡಲೇ ಸಿಗ್‌ವಿನ್‌ನ ಡಿಎಲ್‌ಎಲ್‌ ಅದನ್ನು ಗುರುತಿಸಿ, ವಿಂಡೋಸ್‌ನ ಒಳಗಿನ ಡಿವೈಸ್‌ಗೆ ಜೋಡಿಸುತ್ತದೆ.

ಜೋಡಣೆಯ ಲೆಕ್ಕ ತಿಳಿದಿದ್ದರೆ ಅರ್ಧ ತಲೆನೋವು ತಪ್ಪಿತು. ಸೀರಿಯಲ್‌ ಪೋರ್ಟಿನ ಎಣಿಕೆ ಸೊನ್ನೆಯಿಂದ: ಕಾಮ್‌1 ಎಂದರೆ /ಡೆವ್‌/ಟಿಟಿವೈಎಸ್‌0, ಆರ್ಡುಯಿನೊ ಕಾಮ್‌7ರಲ್ಲಿ ಕೂತಿದ್ದರೆ ಟಿಟಿವೈಎಸ್‌6. ಮೊದಲ ಡಿಸ್ಕು ಎಸ್‌ಡಿಎ, ಅದರ ಮೊದಲ ಪಾರ್ಟಿಷನ್ನು ಎಸ್‌ಡಿಎ1. ಅದೇ ಸಿ ಡ್ರೈವ್‌ ಎಂದುಕೊಳ್ಳಬೇಡಿ. ಈಗಿನ ಬಹಳಷ್ಟು ಕಂಪ್ಯೂಟರುಗಳಲ್ಲಿ ಅದು ಬೂಟ್‌ ಮಾಡಿಸುವ ಇಎಫ್‌ಐ ಪಾರ್ಟಿಷನ್ನು. /ಪ್ರಾಕ್‌/ಪಾರ್ಟಿಷನ್ಸ್‌ ಓದಿದರೆ ಯಾವುದಕ್ಕೆ ಯಾವ ಡ್ರೈವ್‌ ಅಕ್ಷರವೆಂದು ಎದುರುಬದುರಾಗಿ ಕಾಣುತ್ತದೆ. ಡಿಸ್ಕನ್ನು ನಕಲಿಸುವ ‘ಡಿಡಿ’ ಆದೇಶ ಓಡಿಸುವ ಮೊದಲು ಇದನ್ನು ನೋಡಲೇಬೇಕು. ಡಿಸ್ಕನ್ನು ನೇರವಾಗಿ ಮುಟ್ಟಲು ಟರ್ಮಿನಲ್ಲನ್ನು ಅಡ್ಮಿನಿಸ್ಟ್ರೇಟರ್‌ ಆಗಿ ತೆರೆಯಬೇಕು. ಆ ಅಧಿಕಾರದಲ್ಲಿ ಒಂದಕ್ಷರ ತಪ್ಪಿದರೂ ಡೇಟಾ ಹೋಯಿತು.

ನನಗೆ ಎಲ್ಲಕ್ಕಿಂತ ರುಚಿಸಿದ್ದು /ಡೆವ್‌/ಕ್ಲಿಪ್‌ಬೋರ್ಡ್‌. ಬ್ರೌಸರಿನಲ್ಲಿ ಕನ್ನಡ ಹೆಸರುಗಳ ಪಟ್ಟಿ ಕಾಪಿ ಮಾಡಿ, ಇದನ್ನು ಫೈಲಿನಂತೆ ‘ಸಾರ್ಟ್‌’ಗೆ ಕೊಟ್ಟರಾಯಿತು. ಯಾವುದೇ ಆದೇಶದ ಫಲಿತಾಂಶವನ್ನು ಅದರೊಳಗೆ ಹರಿಸಿದರೆ ವರ್ಡ್‌ನಲ್ಲಿ ಪೇಸ್ಟ್‌ ಮಾಡಬಹುದು. /ಪ್ರಾಕ್‌/ರಿಜಿಸ್ಟ್ರಿ ಇದರ ಜೊತೆಗಾರ: ವಿಂಡೋಸ್‌ ರಿಜಿಸ್ಟ್ರಿಯೇ ಡೈರೆಕ್ಟರಿಗಳಾಗಿ ತೆರೆದುಕೊಳ್ಳುತ್ತದೆ. ಓದಲು ಮಾತ್ರ ಅವಕಾಶವಿರುವುದರಿಂದ ‘ಗ್ರೆಪ್‌’ ಹಾಕಿ ಎಷ್ಟು ಜಾಲಾಡಿದರೂ ಅಪಾಯವಿಲ್ಲ.

ವಿಂಡೋಸ್‌ನೊಳಗೇ ಲಿನಕ್ಸ್‌ ಓಡಿಸುವ ಡಬ್ಲ್ಯುಎಸ್‌ಎಲ್‌2 ಬಂದ ಮೇಲೂ ಇದೆಲ್ಲ ಏಕೆ? ಡಬ್ಲ್ಯುಎಸ್‌ಎಲ್‌2ರದು ಅಪ್ಪಟ ಲಿನಕ್ಸ್‌ ಕರ್ನಲ್‌, ಅಪ್ಪಟ /ಡೆವ್‌. ಆದರೆ ಅದು ಓಡುವುದು ವರ್ಚುವಲ್‌ ಮಷೀನಿನಲ್ಲಿ. ಅಲ್ಲಿನ ಎಸ್‌ಡಿಎ ಸಾಮಾನ್ಯವಾಗಿ ವರ್ಚುವಲ್‌ ಡಿಸ್ಕು. ಸಿಗ್‌ವಿನ್‌ನಲ್ಲಿ /ಡೆವ್‌ ಹುಸಿ, ಅದರ ಹಿಂದಿನ ಯಂತ್ರ ಅಸಲಿ. ಲಿನಕ್ಸ್‌ ಸಾಫ್ಟ್‌ವೇರ್‌ ಕಟ್ಟುವವರು ಡಬ್ಲ್ಯುಎಸ್‌ಎಲ್‌ ಹಿಡಿಯಲಿ; ವಿಂಡೋಸ್‌ ಯಂತ್ರವನ್ನೇ ಯುನಿಕ್ಸ್‌ ಧಾಟಿಯಲ್ಲಿ ಮಾತಾಡಿಸಬೇಕೆನ್ನುವವರಿಗೆ ಸಿಗ್‌ವಿನ್ನೇ ಸರಿ.