ಒಂದು ಹಡಗುಕಟ್ಟೆಯ ಚಿತ್ರ: ಭಾವವೂ ಬಂಧವೂ

ಸಮುದ್ರತೀರಕ್ಕೆ ಬಹುದೂರವಾದ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕನ್ನಡಿಗರಿಗೆ ಲಂಡನ್ನಿನ ಹಡಗುಕಟ್ಟೆಯ ವಿಚಾರವೇಕೆಂದು ಕೆಲವರು ಕೇಳಬಹುದು. ಆದರೆ ಎಚಿಂಗ್ ಕಲೆ ನಮಗೆ ಪರಕೀಯವಲ್ಲ. ಹಳೆಯ ಮೆದಕ ಜಿಲ್ಲೆಯ ನಿಜಾಂಪುರದಲ್ಲಿ 1940ರಲ್ಲಿ ಜನಿಸಿದ ಕೆ. ಲಕ್ಷ್ಮಾ ಗೌಡರು ಇದೇ ಮಾಧ್ಯಮದಿಂದ ದೇಶದಲ್ಲೆಲ್ಲ ಹೆಸರಾದವರು. ಬೀದರಿನ ಬಿದರಿ ಕೆಲಸವನ್ನು ಕಂಡವರಿಗೆ ಇದರ ಕ್ರಮವೂ ಸುಲಭವಾಗಿ ತಿಳಿಯುತ್ತದೆ. ಬಿದರಿಯವನು ಮೈಲುತುತ್ತದ ನೀರಿನಿಂದ ಕಪ್ಪಾಗಿಸಿದ ಲೋಹದ ಮೇಲೆ ಗೆರೆ ಗೀರಿ ಉಳಿಯಿಂದ ಕೊರೆಯುತ್ತಾನೆ. ಎಚಿಂಗಿನವನು ಮೇಣದ ಲೇಪವಿರುವ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಕೊರೆಯುವ ಕೆಲಸವನ್ನು ಆಮ್ಲಕ್ಕೆ ಬಿಡುತ್ತಾನೆ. ಆ ಗೀರುಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರವು ಎಡಬಲ ತಿರುಗಿ ಮೂಡುತ್ತದೆ.

ನಾವು ಇಲ್ಲಿ ಎತ್ತಿಕೊಂಡಿರುವುದು ಅಮೆರಿಕದ ಜೇಮ್ಸ್ ವಿಸ್ಲರ್ 1859ರಲ್ಲಿ ರಚಿಸಿದ 'ಬ್ಲ್ಯಾಕ್ ಲಯನ್ ವಾರ್ಫ್'. ಸುಮಾರು 15 ಸೆಂ.ಮೀ. ಎತ್ತರ, 22 ಸೆಂ.ಮೀ. ಅಗಲ, ಶಾಲೆಯ ನೋಟುಪುಸ್ತಕದ ಹಾಳೆಯಷ್ಟು. ಮುಂದೆ ಕುಳಿತ ಒಬ್ಬ ದುಡಿಮೆಗಾರ, ನಡುವೆ ಥೇಮ್ಸ್ ನದಿ ಮತ್ತು ದೋಣಿಗಳು, ಆಚೆ ದಡದಲ್ಲಿ ಸರಕಿನ ಮಳಿಗೆಗಳ ಸಾಲು.

ಥೇಮ್ಸ್ ಚಿತ್ರಗಳನ್ನು ಫ್ರೆಂಚ್ ಕವಿ ಬೋದಿಲೇರ್ 1862ರಲ್ಲಿ ಮೆಚ್ಚಿ ಬರೆದನು. ಹಗ್ಗಹಾಯಿಗಳ ಗೋಜಲು, ಮಂಜು, ಹೊಗೆ, ಇವುಗಳಲ್ಲಿ ಆತ ಮಹಾನಗರದ ಗಹನವಾದ ಕಾವ್ಯವನ್ನು ಕಂಡನು. ಕವಿಯ ಮಾತಿಗೆ ಗೌರವವಿದ್ದರೂ ಈ ಒಂದು ಚಿತ್ರದ ಮಟ್ಟಿಗೆ ನಾವು ಅದನ್ನು ಒಪ್ಪಲಾರೆವು. ಇಲ್ಲಿ ಮಂಜೆಲ್ಲಿದೆ? ಆಕಾಶ ಬರಿದು, ನೀರೂ ಬಹುಮಟ್ಟಿಗೆ ಬರಿ ಕಾಗದವೇ. ದೂರದ ಮಳಿಗೆಗಳ ಹಲಗೆ, ಕಿಟಕಿ, ಹೆಸರಿನ ಅಕ್ಷರಗಳು ಸಹ ಓದುವಷ್ಟು ಸ್ಪಷ್ಟ. ಆ ಅಕ್ಷರಗಳು ನೆಟ್ಟಗೆ ಕಾಣಬೇಕಾದರೆ ಕಲಾವಿದನು ತಗಡಿನ ಮೇಲೆ ಅವನ್ನು ತಿರುಗುಮುರುಗಾಗಿ ಬರೆದಿರಬೇಕು! ವಿಸ್ಲರ್ 1854–55ರಲ್ಲಿ ಅಮೆರಿಕದ ಕರಾವಳಿ ಮೋಜಣಿ ಕಚೇರಿಯಲ್ಲಿ ನಕ್ಷೆಯ ತಗಡುಗಳನ್ನು ಕೊರೆದವನು. ಆ ಕೈಯ ಶಿಸ್ತು ಆಚೆ ದಡದಲ್ಲಿದೆ.

ಈಚೆಯ ಮನುಷ್ಯನನ್ನು ನೋಡಿರಿ. ಎಲ್ಲರಿಗಿಂತ ಹತ್ತಿರದವನು, ಎಲ್ಲಕ್ಕಿಂತ ದೊಡ್ಡವನು. ಆದರೂ ನಾಲ್ಕಾರು ಸಡಿಲ ಗೆರೆಗಳಲ್ಲಿ ಮುಗಿದಿದ್ದಾನೆ. ಅವನ ಮೈಯನ್ನು ಚಿತ್ರದ ಕೆಳಅಂಚು ಕತ್ತರಿಸಿದೆ. ಹತ್ತಿರದ್ದು ಸ್ಫುಟವಾಗಿ, ದೂರದ್ದು ಮಸುಕಾಗಿರಬೇಕೆಂದು ನಾವು ಡ್ರಾಯಿಂಗ್ ತರಗತಿಯಲ್ಲಿ ಕಲಿಸುವ ಪಾಠ ಇಲ್ಲಿ ತಲೆಕೆಳಗು. ಇದನ್ನು ಅಪೂರ್ಣವೆನ್ನುವುದು ದುಡುಕು. ಕಣ್ಣು ಅವನಲ್ಲಿ ನೆಲೆ ನಿಲ್ಲದೆ, ಬಿಳಿ ನೀರನ್ನು ದಾಟಿ, ಕಟ್ಟಡಗಳಿಗೆ ಹೋಗಿ, ಮತ್ತೆ ಅವನ ಬಳಿಗೇ ಬರುತ್ತದೆ. ಈ ಹೋಗಿಬರುವಿಕೆಯಲ್ಲಿ ಒಂದು ಬಿಡುವು ಇದೆ. ದುಡಿಮೆಯ ಜಾಗದಲ್ಲಿ ದುಡಿಯದಿರುವ ಒಂದು ಗಳಿಗೆ ಅದು. ಬಡವನ ಚಿತ್ರವೆಂದೊಡನೆ ಕರುಣರಸವೆಂದು ಬರೆದುಬಿಡುವ ರೂಢಿ ನಮ್ಮಲ್ಲುಂಟು. ಈ ಮನುಷ್ಯ ಕರುಣೆಯನ್ನು ಬೇಡುತ್ತಿಲ್ಲ. ತಾಂಡೂರಿನ ಕಲ್ಲುಗಣಿಯಲ್ಲಿ ಲಾರಿಗಾಗಿ ಕಾದು ಕುಳಿತವರನ್ನು ಕಂಡವರಿಗೆ ಈ ಭಂಗಿ ಹೊಸದಲ್ಲ.

ಈ ತಗಡು 1871ರಲ್ಲಿ ಹದಿನಾರು ಎಚಿಂಗುಗಳ ಮಾಲೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ವಿಸ್ಲರ್ ತನ್ನ ತಾಯಿಯ ಪ್ರಸಿದ್ಧ ಚಿತ್ರವನ್ನು ಬರೆದಾಗ ಹಿಂದಿನ ಗೋಡೆಗೆ ಈ ಹಡಗುಕಟ್ಟೆಯನ್ನೇ ತೂಗುಹಾಕಿದನು. ಅಲ್ಲಿ ಅಕ್ಷರವಿಲ್ಲ, ಕಿಟಕಿಯಿಲ್ಲ. ಕಪ್ಪುಬಿಳುಪಿನ ಹಂಚಿಕೆಯೊಂದೇ ಉಳಿದಿದೆ.