ದಾಳಿಂಬೆಯ ಹಾರೈಕೆ

ನಮ್ಮ ಮನೆಗಳಲ್ಲಿ ಪಿಂಗಾಣಿ ಎಂದರೆ ಉಪ್ಪಿನಕಾಯಿಯ ಜಾಡಿ. ಅದರಲ್ಲಿ ಅರ್ಥ ಹುಡುಕುವವರಿಲ್ಲ. ಶಾಲೆಯ ಮಕ್ಕಳೊಡನೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದಾಗಲೂ ಚೀನದ ಹಳೆಯ ನೀಲಿ-ಬಿಳಿ ಪಿಂಗಾಣಿಯ ಮುಂದೆ ನಿಂತು, “ಎಷ್ಟು ಚೆಂದ!” ಎಂದಷ್ಟೇ ಹೇಳಿ ಮುಂದೆ ನಡೆದಿದ್ದೆ. ಊರಿಗೆ ಬಂದು ಪುಸ್ತಕ ತೆರೆದಾಗ ತಿಳಿಯಿತು, ನಾನು ಚಿತ್ರಗಳನ್ನು ನೋಡಿದ್ದೆ, ಓದಿರಲಿಲ್ಲ.

ಈ ಕಲೆಯ ತವರು ಜಿಂಗ್‌ದೆಜೆನ್ ಎಂಬ ಪಟ್ಟಣ. ಬೇಯದ ಬಿಳಿ ಮಣ್ಣಿನ ಮೇಲೆ ಕೋಬಾಲ್ಟಿನಿಂದ ಚಿತ್ರ ಬರೆದು, ಗಾಜಿನಂಥ ಲೇಪ ಕೊಟ್ಟು, ಸುಮಾರು 1300 ಡಿಗ್ರಿ ಶಾಖದಲ್ಲಿ ಸುಡುತ್ತಿದ್ದರು. ಕಪ್ಪಗೆ ಮಾಸಲಾಗಿದ್ದ ಗೆರೆ ಬೆಂಕಿಯಿಂದ ನೀಲಿಯಾಗಿ ಹೊರಬರುತ್ತಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಜೋಡಿ ಹೂದಾನಿಗಳ ಮೇಲಿನ ಬರಹ 1351ನೆಯ ಇಸವಿಯದು.

ಚಿತ್ರಗಳ ಗುಟ್ಟು ಇರುವುದು ಚೀನೀ ಭಾಷೆಯ ಶ್ಲೇಷೆಯಲ್ಲಿ. ಬಾವಲಿಗೂ ಭಾಗ್ಯಕ್ಕೂ ಉಚ್ಚಾರ ಒಂದೇ, ‘ಫು’. ನಾವು ಅಪಶಕುನವೆಂದು ಪೊರಕೆ ಹಿಡಿದು ಓಡಿಸುವ ಬಾವಲಿ ಅಲ್ಲಿ ತಟ್ಟೆಯ ಮೇಲೆಯೇ ಹಾರಾಡುತ್ತದೆ. ಐದು ಬಾವಲಿಗಳಿದ್ದರೆ ಐದು ಭಾಗ್ಯ: ಆಯುಸ್ಸು, ಐಶ್ವರ್ಯ, ಆರೋಗ್ಯ, ಸದ್ಗುಣ, ಅನಾಯಾಸ ಮರಣ. ಮೀನು ‘ಯು’, ಸಮೃದ್ಧಿಗೂ ಅದೇ ಸದ್ದು. ದಾಳಿಂಬೆಗೆ ಮಾತ್ರ ಶ್ಲೇಷೆ ಬೇಕಿಲ್ಲ. ಅದರ ಹೊಟ್ಟೆತುಂಬ ಬೀಜ, ಆದ್ದರಿಂದ ಬಹುಸಂತಾನ, ಅದರಲ್ಲೂ ಗಂಡುಸಂತಾನ. ಮಿಂಗ್ ಕಾಲದ (1368–1644) ಪಾತ್ರೆಗಳ ಮೇಲೆ ಅಂಗಳದಲ್ಲಿ ಆಡುವ ಮಕ್ಕಳೂ ಇದ್ದಾರೆ. ಅವರು ಹುಡುಗರು!

ಇಲ್ಲಿಗೆ ಬಂದಾಗ ನನ್ನ ಮೆಚ್ಚುಗೆ ತಡವರಿಸುತ್ತದೆ. ‘ಶುಭಚಿಹ್ನೆಗಳು’ ಎಂದು ಬರೆದು ಪುಸ್ತಕದವರು ಸುಮ್ಮನಾಗುತ್ತಾರೆ. ಯಾರಿಗೆ ಶುಭ? ನನಗೆ ಎರಡನೆಯ ಮಗಳು ಹುಟ್ಟಿದಾಗ ಮನೆಯ ಹಿರಿಯರೊಬ್ಬರು, “ಅಷ್ಟಪುತ್ರ ಸೌಭಾಗ್ಯವತೀ ಭವ” ಎಂದು ತಲೆ ಮುಟ್ಟಿ ಹರಸಿದ್ದರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ತೊಟ್ಟಿಲು ತೂಗುತ್ತಿದ್ದ ನನಗೆ ಅದು ಆಕ್ಷೇಪಣೆಯಂತೆ ಕೇಳಿಸಿತು. ಗಂಡು ಹೆರದ ಚೀನೀ ಸೊಸೆಯೊಬ್ಬಳು ಆ ಹೂದಾನಿಯ ದೂಳು ಒರೆಸುವಾಗ, ದಾಳಿಂಬೆ ಅವಳಿಗೆ ದಿನವೂ ಏನು ಹೇಳಿರಬಹುದು? ನೀವೇ ಯೋಚಿಸಿ. ಹಾರೈಕೆ ಎಷ್ಟು ಸುಂದರವೋ ಅದರ ಭಾರವೂ ಅಷ್ಟೇ.

ಹಾಗೆಂದು ಆ ಪಿಂಗಾಣಿಯನ್ನು ತಳ್ಳಿಹಾಕಲಾರೆ. ಅದೇ ನೀಲಿಯಲ್ಲಿ ‘ಚಳಿಗಾಲದ ಮೂವರು ಗೆಳೆಯರು’ ಕೂಡ ಇದ್ದಾರೆ: ಹಸಿರು ಬಿಡದ ಪೈನ್, ಬಾಗಿದರೂ ಮುರಿಯದ ಬಿದಿರು, ಎಲೆ ಚಿಗುರುವ ಮೊದಲೇ ಚಳಿಯಲ್ಲಿ ಅರಳುವ ಪ್ಲಮ್ ಹೂ. ಈ ಹಾರೈಕೆ ಹೆಣ್ಣಿನ ಒಡಲನ್ನು ಏನೂ ಕೇಳುವುದಿಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳ ಮನೆಯ ಷೋಕೇಸಿಗೆ ಒಂದು ಪಾತ್ರೆ ಆರಿಸೆಂದರೆ ನಾನು ಅದನ್ನೇ ಆರಿಸುತ್ತೇನೆ.